ಮೆಗಾ ಡ್ರೈವ್‌ಗೆ ಎರಡು ಸ್ವಿಚ್ ಹಾಕಿದ ಕಥೆ

ಧಾರವಾಡದ ನಮ್ಮ ಮನೆಯಲ್ಲಿರುವ ಸೆಗಾ ಮೆಗಾ ಡ್ರೈವ್, ಅಂದರೆ ಟಿವಿಗೆ ಜೋಡಿಸಿ ಆಡುವ ವಿಡಿಯೋ ಗೇಮ್ ಯಂತ್ರ, ಯುರೋಪಿನ ಮಾರುಕಟ್ಟೆಗೆಂದು ತಯಾರಾದ ಮೊದಲ ಮಾದರಿ. ಜಪಾನಿನಲ್ಲಿ ಈ ಯಂತ್ರ 1988ರಲ್ಲೇ ಬಂದಿತ್ತು. ಎರಡರಲ್ಲೂ ಇರುವುದು ಅದೇ 68000 ಪ್ರೊಸೆಸರ್. ಆದರೂ ಜಪಾನಿನ ಕಾರ್ಟ್ರಿಜ್ (ಆಟ ತುಂಬಿದ ಪ್ಲಾಸ್ಟಿಕ್ ಡಬ್ಬಿ) ನಮ್ಮ ಯಂತ್ರದಲ್ಲಿ ಕೂರುವುದಿಲ್ಲ; ಹೇಗೋ ಕೂರಿಸಿದರೂ ಕೆಲವು ಆಟಗಳು ಶುರುವಾಗುವುದಿಲ್ಲ. ಈ ಎರಡು ತಡೆಗಳನ್ನು ತೆಗೆಯಲು ಹೊರಟಾಗ ನನಗೆ ನಾನೇ ಹಾಕಿಕೊಂಡ ಕಟ್ಟಳೆ ಒಂದೇ: ಇಷ್ಟು ಹಳೆಯ ಯಂತ್ರಕ್ಕೆ ಮತ್ತೆ ಸರಿಪಡಿಸಲಾಗದ ಗಾಯ ಆಗಬಾರದು.

ಮೊದಲ ತಡೆ ಬರೀ ಪ್ಲಾಸ್ಟಿಕ್. ಜಪಾನಿನ ಕಾರ್ಟ್ರಿಜ್‌ನ ಕವಚ ಅಗಲ, ಭುಜಗಳು ದುಂಡಗೆ. ಯಂತ್ರದ ಬಾಯಿಯ ಮೂಲೆಗಳನ್ನು ಅರದಿಂದ ಉಜ್ಜಿದರೆ ಸಾಕು, ಒಳಗಿನ 64 ಸಂಪರ್ಕಗಳು ಸರಿಯಾಗಿಯೇ ಹೊಂದುತ್ತವೆ. ನಾನು ಅಸಲಿ ಮುಚ್ಚಳವನ್ನು ಎತ್ತಿಟ್ಟು, ಕೆಟ್ಟುಹೋದ ಇನ್ನೊಂದು ಯಂತ್ರದ ಮುಚ್ಚಳವನ್ನು ಉಜ್ಜಿದೆ.

ಎರಡನೆಯದು ಬೋರ್ಡಿನ ಮೇಲಿದೆ. ಆಟ ಶುರುವಾಗುವಾಗ ಯಂತ್ರದಿಂದ ಎರಡು ಸಂಗತಿ ತಿಳಿದುಕೊಳ್ಳುತ್ತದೆ: ಇದು ಜಪಾನಿನದೋ ಹೊರದೇಶದ್ದೋ, 50 ಹರ್ಟ್ಜೋ 60 ಹರ್ಟ್ಜೋ (ಪರದೆಯ ಚಿತ್ರ ಸೆಕೆಂಡಿಗೆ ಎಷ್ಟು ಸಲ ಬದಲಾಗುತ್ತದೆ ಎಂಬ ಲೆಕ್ಕ). ಉತ್ತರ ಅಡಗಿರುವುದು ಜೆಪಿ1ರಿಂದ ಜೆಪಿ4ರವರೆಗಿನ ಜಂಪರ್‌ಗಳಲ್ಲಿ, ಅಂದರೆ ಬೋರ್ಡಿನ ಮೇಲೆ ಕೂಡಿಸಲು ಇಲ್ಲವೇ ಬಿಡಿಸಲು ಬರುವ ಸಣ್ಣ ಸಂಪರ್ಕಗಳಲ್ಲಿ. ಮೊದಲ ಜೋಡಿ ಭಾಷೆಗೆ, ಎರಡನೆಯದು ಹರ್ಟ್ಜ್‌ಗೆ. ಭಾಷೆಯ ಗೆರೆಗೆ (ಬೋರ್ಡಿನ ಮೇಲಿನ ತಾಮ್ರದ ದಾರಿಗೆ) 5 ವೋಲ್ಟ್ ಸಿಕ್ಕರೆ ಇಂಗ್ಲಿಷ್, ಗ್ರೌಂಡ್ (ಸೊನ್ನೆ ವೋಲ್ಟ್) ಸಿಕ್ಕರೆ ಜಪಾನಿ. ಇನ್ನೊಂದಕ್ಕೆ 5 ವೋಲ್ಟ್ ಎಂದರೆ 60, ಗ್ರೌಂಡ್ ಎಂದರೆ 50.

ಹುಬ್ಬಳ್ಳಿಯ ಬಿಡಿಭಾಗಗಳ ಅಂಗಡಿಯಲ್ಲಿ ಮೂರು ಕಾಲಿನ ಸಣ್ಣ ಸ್ವಿಚ್‌ಗಳು ಸಿಕ್ಕವು. ನಡುವಿನ ಕಾಲಿಗೆ ಗೆರೆ, ಒಂದು ಪಕ್ಕಕ್ಕೆ 5 ವೋಲ್ಟ್, ಇನ್ನೊಂದಕ್ಕೆ ಗ್ರೌಂಡ್. ಬೆಸುಗೆಗಿಂತ ಮುಂಚೆ ಕಾರ್ಖಾನೆಯ ಹಳೆಯ ಸಂಪರ್ಕವನ್ನು ತುಂಡರಿಸಲೇಬೇಕು. ಅದು ಉಳಿದರೆ ಸ್ವಿಚ್ ತಿರುಗಿಸಿದ ಕ್ಷಣ 5 ವೋಲ್ಟ್ ನೇರವಾಗಿ ಗ್ರೌಂಡಿಗೆ ಸೇರಿ ಶಾರ್ಟ್ ಆಗುತ್ತದೆ. ತುಂಡಾಗಿದೆಯೆಂದು ಮಲ್ಟಿಮೀಟರ್ ಹೇಳುವವರೆಗೆ ನಾನು ಬೆಸುಗೆಯ ಐರನ್ ಮುಟ್ಟಲಿಲ್ಲ. ಬೋರ್ಡಿನ ಈ ಸಣ್ಣ ಗಾಯ ಒಂದು ಹನಿ ಬೆಸುಗೆಯಿಂದ ವಾಸಿಯಾಗುವಂಥದ್ದು.

ಸೋದರಳಿಯ ಜಪಾನಿನ ‘ಬೇರ್ ನಕಲ್’ ಆಟ ಹಾಕಿದ. ಭಾಷೆಯ ಸ್ವಿಚ್ ಹೊರದೇಶದ ಕಡೆಗಿದ್ದರೆ ಅದೇ ಕಾರ್ಟ್ರಿಜ್ ‘ಸ್ಟ್ರೀಟ್ಸ್ ಆಫ್ ರೇಜ್’ ಎಂಬ ಹೆಸರು ತೋರಿಸುತ್ತದೆ. “ಮಾಮಾ, ಒಂದಕ್ಕೆ ಎರಡು ಆಟ!” ಎಂದು ಕುಣಿದ.

ನನಗಾದರೋ ನಿಜವಾದ ಲಾಭ ಹರ್ಟ್ಜ್ ಸ್ವಿಚ್‌ನದು. 60ಕ್ಕೆಂದು ಬರೆದ ಆಟ 50ರಲ್ಲಿ ಸುಮಾರು ಆರನೇ ಒಂದು ಪಾಲು ನಿಧಾನವಾಗುತ್ತದೆ. ಓಟ, ಜಿಗಿತ, ಎಷ್ಟೋ ಆಟಗಳಲ್ಲಿ ಸಂಗೀತ ಕೂಡ ಎಳೆದಾಡುತ್ತದೆ. ಪರದೆಯ ಮೇಲೂ ಕೆಳಗೂ ಕಪ್ಪು ಪಟ್ಟಿ. ಆಟ ಬರೆದವರು ಅಳೆದು ಕೂಡಿಸಿದ ಲಯ ಹಾಳಾಗುವುದನ್ನು ಸಹಿಸುವುದು ನನಗೆ ಕಷ್ಟ. ಸ್ವಿಚ್ ತಿರುಗಿಸಿದೊಡನೆ ಆ ಲಯ ಮರಳಿತು. ನಮ್ಮ ಹಳೆಯ ಟಿವಿಯಲ್ಲಿ ಚಿತ್ರ ಮೊದಲು ಉರುಳತೊಡಗಿತು. ಟಿವಿ ಹಿಂಬದಿಯ ವರ್ಟಿಕಲ್ ಹೋಲ್ಡ್, ಅಂದರೆ ಚಿತ್ರ ಉರುಳದಂತೆ ಹಿಡಿಯುವ ತಿರುಗುಗುಂಡಿ, ತಿರುಗಿಸಿದ ಮೇಲೆ ನಿಂತಿತು.

ಜಪಾನಿನಿಂದ ಯಂತ್ರವನ್ನೇ ತರಿಸುವವರಿಗೆ ಒಂದು ಮಾತು: ಅದರ ಅಡಾಪ್ಟರ್ 100 ವೋಲ್ಟಿನದು, ನಮ್ಮ 230ಕ್ಕೆ ಚುಚ್ಚಬೇಡಿ. ಬೇರೆ ಅಡಾಪ್ಟರ್ ಕೊಳ್ಳುವಾಗ ಧ್ರುವ ನೋಡಿ. ಮೊದಲ ಮಾದರಿಯ ಪಿನ್ನಿನ ಒಳಭಾಗ ಋಣ, ಎರಡನೆಯದರದು ಧನ.

ಜಪಾನಿ ಓದಲು ಬಾರದ ನಾನು ಮಾತು ಹೆಚ್ಚಿರುವ ಆಟಗಳನ್ನು ತರಿಸುವುದಿಲ್ಲ. ವಿಮಾನ ಹಾರಿಸಿ ಗುಂಡು ಹೊಡೆಯುವ ಆಟಗಳಿಗೆ ಓದು ಬೇಕಿಲ್ಲ. ಸದ್ಯ ಹುಡುಕುತ್ತಿರುವುದು ಅವನ್ನೇ.