ಜಪಾನಿ ಕಲಿಯುವವರಿಗೆ: ನಮ್ಮ ‘ತಿಂದದ್ದುಂಟು’ ನೆನಪಿಟ್ಟುಕೊಳ್ಳಿ
ಜಪಾನಿ ಭಾಷೆಯಲ್ಲಿ ‘ಈ ಹಿಂದೆ ಮಾಡಿದ ಅನುಭವ ಇದೆ’ ಅನ್ನಬೇಕಾದಾಗ ಇಂಗ್ಲಿಷ್ ಸುತ್ತಿಕೊಂಡು ಹೋಗಬೇಡಿ, ಕನ್ನಡದ ‘ತಿಂದದ್ದುಂಟು’ ಹಿಡಿದುಕೊಳ್ಳಿ. ‘ನತ್ತೋ ಒ ತಬೆತ ಕೊತೊ ಗ ಅರಿಮಸ್’ ಅನ್ನುವುದರಲ್ಲಿ ನತ್ತೋ ಅಂದರೆ ಹುದುಗಿಸಿದ ಸೋಯಾ ಕಾಳು, ‘ಒ’, ‘ಗ’ ನಮ್ಮ ವಿಭಕ್ತಿ ಪ್ರತ್ಯಯಗಳಂತೆ, ತಬೆತ ಅಂದರೆ ತಿಂದ, ಕೊತೊ ನಮ್ಮ ‘ದ್ದು’, ಅರಿಮಸ್ ಅಂದರೆ ಉಂಟು. ಎರಡೂ ಭಾಷೆಯಲ್ಲಿ ಕ್ರಿಯಾಪದ ಕೊನೆಗೇ ಬರುವುದರಿಂದ ಪದಗಳ ಸಾಲೂ ಹಾಗೇ ಕೂರುತ್ತದೆ. ತಿಂದದ್ದಿಲ್ಲ ಅನ್ನಲು ಕೊನೆಗೆ ‘ಅರಿಮಸೆನ್’. ತಬೆತ ಬದಲು ‘ತಬೆರು’ ಹಾಕಿದರೆ ಅರ್ಥ ಬೇರೆ: ‘ಒಮ್ಮೊಮ್ಮೆ ತಿನ್ನುವುದುಂಟು’. ಇಲ್ಲೂ ಕನ್ನಡ ಕೈಕೊಡುವುದಿಲ್ಲ, ನೋಡಿ! ಆದರೆ ನಿನ್ನೆ, ಮೊನ್ನೆ ಅಂತ ಹತ್ತಿರದ ದಿನ ಹೇಳುವಾಗ ಇದು ನಡೆಯುವುದಿಲ್ಲ. ಸುಮ್ನೆ ‘ತಬೆಮಶಿತ’ (ತಿಂದೆ) ಅಂದರೆ ಸಾಕು. ದಿನಾ ಮಾಡುವ ಕೆಲಸಕ್ಕೂ ಬೇಡ. ‘ನಾನು ಅನ್ನ ತಿಂದದ್ದುಂಟು’ ಅಂದರೆ ಯಾರಿಗಾದರೂ ನಗು ಬರುತ್ತದೆ, ಅಲ್ವಾ?