ಸಿಗದ ಸ್ಕೋರನ್ನು ಪಟ್ಟಿಯಿಂದ ಹಿಂಡಿ ತೆಗೆದದ್ದು

ಭಾರತದ ಮಹಿಳಾ ಫುಟ್‌ಬಾಲ್ ತಂಡ ಆಡಿದ ಮೊದಮೊದಲ ಪಂದ್ಯಗಳನ್ನೆಲ್ಲ ಒಂದು ಪಟ್ಟಿಗೆ ತರ್ತೀನಿ ಅಂದಾಗ ನಕ್ಕವರು ಹೊರಗಿನವರಲ್ಲ, ಬಳ್ಳಾರಿಯಲ್ಲಿ ನಮ್ಮ ಜೊತೆಗೇ ಸ್ಕೋರ್ ಬುಕ್ ಹಿಡಿದು ಕೂರುವವರು. ‘ಪೇಪರ್‌ನ್ಯಾಗ ಸ್ಕೋರೇ ಬಂದಿಲ್ಲಂದ್ರ ನೀ ಏನ್ ಹುಟ್ಟಸ್ತೀ ಏನೋ ಮಾರಾಯ?’ ಅಂದರು. ಹುಟ್ಟಿಸಲಿಲ್ಲ, ಹಿಂಡಿ ತೆಗೆದೆ. ಹಾಗೆ ಲೆಕ್ಕದಿಂದ ತೆಗೆದವು ಒಂಬತ್ತು ಸ್ಕೋರು. ಏಳಕ್ಕೆ ಆಮೇಲೆ ಪತ್ರಿಕೆಯ ತುಣುಕು ಸಿಕ್ಕಿತು, ಏಳೂ ತಾಳೆಯಾದವು. ಒಂದು ಕೈಕೊಟ್ಟಿತು. ಇನ್ನೊಂದು ಈಗಲೂ ಪೆನ್ಸಿಲ್‌ನಲ್ಲೇ ಇದೆ.

ಏಷ್ಯಾ ಮಹಿಳಾ ಚಾಂಪಿಯನ್‌ಷಿಪ್‌ನ ಫೈನಲ್‌ಗಳಿಗೆ ಇಷ್ಟು ಕಷ್ಟ ಬೇಕಿಲ್ಲ. 1980ರ ಜನವರಿಯಲ್ಲಿ ಕಲ್ಲಿಕೋಟೆಯಲ್ಲಿ ತೈವಾನ್ ಎದುರು 0-2, 1983ರಲ್ಲಿ ಬ್ಯಾಂಕಾಕ್‌ನಲ್ಲಿ ಥಾಯ್ಲೆಂಡ್ ಎದುರು 0-3, ಎರಡೂ ಸಲ ಏಷ್ಯಾಕ್ಕೆ ಎರಡನೇ ಸ್ಥಾನ. ಇವು ಎಲ್ಲರ ಬಾಯಲ್ಲೂ ಇವೆ. ಕಳೆದುಹೋಗಿರುವುದು ಗುಂಪು ಹಂತದ ಪಂದ್ಯಗಳು. ಆಗ ನಮ್ಮಲ್ಲಿ ಆಟ ನಡೆಸುತ್ತಿದ್ದದ್ದು 1975ರಲ್ಲಿ ಶುರುವಾದ ಮಹಿಳಾ ಫುಟ್‌ಬಾಲ್ ಫೆಡರೇಶನ್, ಎಐಎಫ್‌ಎಫ್ (ಅಖಿಲ ಭಾರತ ಫುಟ್‌ಬಾಲ್ ಫೆಡರೇಶನ್) ಅಲ್ಲ. ಏಷ್ಯಾ ಮಟ್ಟದಲ್ಲೂ ಎಎಫ್‌ಸಿ (ಏಷ್ಯಾ ಫುಟ್‌ಬಾಲ್ ಒಕ್ಕೂಟ) ನಡೆಸುತ್ತಿರಲಿಲ್ಲ, ಮಹಿಳೆಯರದ್ದೇ ಬೇರೆ ಒಕ್ಕೂಟ ಇತ್ತು. ಹಾಗಾಗಿ ದೊಡ್ಡ ಸಂಸ್ಥೆಗಳ ದಫ್ತರದಲ್ಲಿ ಆ ವರ್ಷಗಳನ್ನು ಹುಡುಕುವುದು ಬರೀ ದಂಡ.

ಮೊದಲು ದುಡ್ಡು ಹೋದ ದಾರಿ ಹೇಳಿಬಿಡುತ್ತೇನೆ. ಹಳೇ ಪೇಪರಿನ ಬೈಂಡುಗಳನ್ನು ಫೋನಿನಲ್ಲಿ ಫೋಟೋ ತೆಗೆದು, ಓಸಿಆರ್‌ಗೆ (ಚಿತ್ರದ ಅಕ್ಷರ ಓದಿ ಬರಹ ಮಾಡಿಕೊಡುವ ತಂತ್ರಾಂಶಕ್ಕೆ) ಹಾಕಿ, ಪದ ಹುಡುಕಿದರೆ ಆಯ್ತು ಅಂದುಕೊಂಡಿದ್ದೆ. ಬೆಂಗಳೂರಿಗೆ ರಾತ್ರಿ ರೈಲಿನಲ್ಲಿ ಹೋಗಿಬಂದರೆ ಊಟ ತಿಂಡಿ ಸೇರಿ ಸಾವಿರದಿನ್ನೂರರ ಮೇಲಾಗುತ್ತಿತ್ತು. ಅಂಥ ಐದಾರು ಓಡಾಟ. ಸುಮಾರು ಎರಡು ಸಾವಿರ ಪುಟದ ಫೋಟೋ. ಓಸಿಆರ್ ಓದಿಕೊಟ್ಟದ್ದರಲ್ಲಿ ಸುದ್ದಿ ಸರಿ ಇತ್ತು, ಅಂಕಿಗಳು ಪೂರ್ತಿ ಹಾಳು. ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲದ ಪುಟದಲ್ಲಿ ಬಾಲ ಸವೆದ ೬ ನೇರವಾಗಿ ೩ ಆಗಿಬಿಡುತ್ತದೆ, ಮಸಿ ತುಂಬಿದ ೧ ಯಾವಾಗ ೦ ಆಯಿತೋ ದೇವರಿಗೇ ಗೊತ್ತು. ನಮಗೆ ಬೇಕಾಗಿದ್ದದ್ದೇ ಅಂಕಿ! ಆಮೇಲೆ ಟೈಪ್ ಮಾಡಲು ಒಬ್ಬ ಹುಡುಗನನ್ನು ಇಟ್ಟು ನಾಲ್ಕು ಸಾವಿರ ಕೊಟ್ಟೆ. ಅವನು ಓಸಿಆರ್ ಮಾಡಿದ ತಪ್ಪುಗಳನ್ನೇ ಅಂದವಾಗಿ ಟೈಪ್ ಮಾಡಿಕೊಟ್ಟ. ಎಲ್ಲ ಸೇರಿ ದುಡ್ಡು ಸಾಕಷ್ಟು ಕೈಬಿಟ್ಟಿತು, ಅದರಲ್ಲಿ ಕೆಲಸಕ್ಕೆ ಬಂದದ್ದು ಕಡಿಮೆ.

ಫೋಟೋ ತೆಗೆಯುವವರಿಗೆ ಎರಡು ಮಾತು. ತೆಳು ಕಾಗದದ ಆಚೆ ಬದಿಯ ಅಕ್ಷರ ಈಚೆ ಇಣುಕುತ್ತದೆ. ಹಾಳೆಯ ಕೆಳಗೆ ಕರೀ ಬಟ್ಟೆ ಇಟ್ಟರೆ ಅದು ನಿಲ್ಲುತ್ತದೆ. ಬಿಳಿ ಹಾಳೆ ಇಟ್ಟು ವಾರಗಟ್ಟಲೆ ಒದ್ದಾಡಿದ್ದೆ. ಹಳದಿ ತಿರುಗಿದ ಪುಟವಾದರೆ ಚಿತ್ರದ ಕೆಂಪು ಚಾನೆಲ್ (ಕೆಂಪು ಬಣ್ಣದ ಪದರ) ಒಂದನ್ನೇ ಉಳಿಸಿಕೊಳ್ಳಿ, ಕಾಗದ ಬೆಳ್ಳಗಾಗಿ ಮಸಿ ಕರ್ರಗೆ ನಿಲ್ಲುತ್ತದೆ. ಆದರೆ ಸ್ಕೋರಿನ ಮೇಲೆ ಗ್ರಂಥಾಲಯದ ನೀಲಿ ಸೀಲು ಬಿದ್ದಿದ್ದರೆ ಇದು ಉಲ್ಟಾ ಹೊಡೆಯುತ್ತದೆ, ಸೀಲೇ ಕಪ್ಪಾಗಿ ಕೂರುತ್ತದೆ. ಅಲ್ಲಿ ನೀಲಿ ಚಾನೆಲ್ ಒಂದನ್ನೇ ಉಳಿಸಿಕೊಳ್ಳಬೇಕು, ಕಾಗದ ಮಬ್ಬಾದರೂ ಚಿಂತೆಯಿಲ್ಲ.

ಕೆಲಸ ಹಳಿಗೆ ಬಂದದ್ದು ಕಂಪ್ಯೂಟರ್ ಪಕ್ಕಕ್ಕಿಟ್ಟು ಚೀಟಿ ಹಿಡಿದಾಗ. ಡ್ರಾಯಿಂಗ್ ಶೀಟ್ ತಂದು 5×3 ಇಂಚಿಗೆ ಕತ್ತರಿಸಿದೆ, ಒಂದು ಪಂದ್ಯಕ್ಕೆ ಒಂದು ಚೀಟಿ. ಮೇಲಿನ ಸಾಲಿನಲ್ಲಿ ಆಡಿದ ದಿನ. ಪೇಪರಿನ ದಿನ ಚೀಟಿಯ ಹಿಂಬದಿಗೆ, ಇದನ್ನು ಎಂದೂ ಕಲಸಬೇಡಿ. ಬಳ್ಳಾರಿ, ರಾಯಚೂರಿನ ಕಡೆ ಬರುತ್ತಿದ್ದ ಡಾಕ್ ಆವೃತ್ತಿ, ಅಂದರೆ ದೂರದ ಊರಿಗೆ ಕಳಿಸುವ ಅಚ್ಚು, ಬೇಗ ಮುಗಿಯುತ್ತಿತ್ತು. ಸಂಜೆಯ ಪಂದ್ಯ ಮರುದಿನ ಅಲ್ಲ, ಮೂರನೇ ದಿನ ಬರುತ್ತಿತ್ತು. ಅದರಲ್ಲಿ ‘ನಿನ್ನೆ’ ಅಂತ ಬರೆದಿದ್ದರೂ ನಂಬುವಂತಿಲ್ಲ, ವಾರ್ತಾಸಂಸ್ಥೆಯ ಸಾಲನ್ನು ಹಾಗೇ ಎತ್ತಿ ಹಾಕಿರುತ್ತಾರೆ. ಒಂದೇ ಪಂದ್ಯ ಎರಡು ದಿನಾಂಕದಲ್ಲಿ ಎರಡು ಪಂದ್ಯವಾಗುವುದು ಹೀಗೆ. ನನ್ನ ಮೊದಲ ಪಟ್ಟಿಯಲ್ಲಿ ಇಂಥ ಜೋಡಿ ನಾಲ್ಕಿದ್ದವು. ಯಾವ ಪುಟ ಡಾಕ್, ಯಾವುದು ನಗರ ಆವೃತ್ತಿ ಅಂತ ನೋಡಿದ ತಕ್ಷಣ ಹೇಳುವ ಗುರುತೊಂದಿದೆ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಆಧಾರದ ಲೆಕ್ಕದಲ್ಲೂ ಮೋಸ ಹೋಗುತ್ತೇವೆ. ನಾಲ್ಕು ಪತ್ರಿಕೆಯಲ್ಲಿ ಒಂದೇ ಸ್ಕೋರ್ ಬಂತು, ಪಕ್ಕಾ ಆಯ್ತು ಅನ್ನುತ್ತೇವೆ. ನಾಲ್ಕೂ ಪಿಟಿಐ ವಾರ್ತಾಸಂಸ್ಥೆಯ ಸಾಲೇ ಆಗಿದ್ದರೆ ಅದು ಒಂದೇ ಆಧಾರ. ಎರಡನೇ ಆಧಾರ ಎದುರಾಳಿಯ ಊರಿನಿಂದಲೇ ಬರಬೇಕು. ಸಿಂಗಪುರದ ರಾಷ್ಟ್ರೀಯ ಗ್ರಂಥಾಲಯದವರು, ಆಸ್ಟ್ರೇಲಿಯಾದ ಟ್ರೋವ್‌ನವರು ಹಳೇ ಪತ್ರಿಕೆಗಳನ್ನು ಬಿಟ್ಟಿಯಾಗಿ ಜಾಲದಲ್ಲಿ ತೆರೆದಿಟ್ಟಿದ್ದಾರೆ. ಅಲ್ಲಿ ‘ವಿಮೆನ್ಸ್ ಫುಟ್‌ಬಾಲ್’ ಅಂತ ಹುಡುಕಿದರೆ ಕೈಗೆ ಬರುವುದು ಕಡಿಮೆ. ಆಗಿನವರು ಬರೆಯುತ್ತಿದ್ದದ್ದು ‘ಲೇಡೀಸ್ ಸಾಕರ್’.

ಹೆಸರುಗಳ ಗೋಳು ಬೇರೆ. ತೈವಾನ್, ರಿಪಬ್ಲಿಕ್ ಆಫ್ ಚೀನಾ, ಚೈನೀಸ್ ತೈಪೆ ಮೂರೂ ಒಂದೇ ತಂಡ. ಬರೀ ‘ಚೀನಾ’ ಅಂತ ಬಂದರೂ, ಈ ಟೂರ್ನಿಯಲ್ಲಿ 1986ಕ್ಕಿಂತ ಮುಂಚೆ ಅದು ತೈವಾನೇ. ಬೀಜಿಂಗ್‌ನ ಚೀನಾ ಬಂದದ್ದು ಆ ವರ್ಷ, ಬಂದ ಸಲವೇ ಗೆದ್ದಿತು. ಕಲ್ಲಿಕೋಟೆಯ ಟೂರ್ನಿಗೆ ಕೆಲವರು 1979 ಅನ್ನುತ್ತಾರೆ, ಆಡಿದ್ದು 1980ರ ಜನವರಿಯಲ್ಲಿ. ಅಲ್ಲಿ ಭಾರತದ್ದೇ ಎರಡು ತಂಡ ಇಳಿದಿದ್ದವು. ಎರಡನ್ನೂ ಕೂಡಿಸಿದರೆ ಗೆಲುವು ಸೋಲು ಎರಡೂ ಉಬ್ಬುತ್ತವೆ, ಹಾಗಾಗಿ ನನ್ನಲ್ಲಿ ಎರಡಕ್ಕೂ ಬೇರೆ ಬಣ್ಣದ ಚೀಟಿ. ಅದೇ ಟೂರ್ನಿಗೆ ಆಸ್ಟ್ರೇಲಿಯಾದಿಂದ ಬಂದದ್ದು ದೇಶದ ತಂಡವಲ್ಲ, ಪಶ್ಚಿಮ ಆಸ್ಟ್ರೇಲಿಯಾ ರಾಜ್ಯದ್ದು. ಅದು ಅಂತಾರಾಷ್ಟ್ರೀಯ ಪಂದ್ಯ ಹೌದೋ ಅಲ್ಲವೋ? ಜಪಾನಿನವರು ಇದರಲ್ಲಿ ಬಿಗಿ. 1977ರಲ್ಲಿ ಅವರ ಹೆಸರಿನಲ್ಲಿ ಆಡಿದ್ದು ಒಂದು ಕ್ಲಬ್ಬು ಅಂತ ಅದನ್ನು ಬಿಟ್ಟು, 1981ರ ಜೂನ್ 7ಕ್ಕೆ ಹಾಂಗ್‌ಕಾಂಗ್‌ನಲ್ಲಿ ತೈವಾನ್ ಎದುರು 0-1ರಲ್ಲಿ ಸೋತದ್ದನ್ನೇ ಮೊದಲನೆಯದು ಅನ್ನುತ್ತಾರೆ. ಸೋಲಿನಿಂದ ಲೆಕ್ಕ ಶುರು ಮಾಡುವ ಆ ಧೈರ್ಯ ನನಗೆ ಹಿಡಿಸಿತು. ಆದರೂ ನಾನು ಯಾವುದನ್ನೂ ಬಿಡುವುದಿಲ್ಲ, ಚೀಟಿಯ ಮೂಲೆಯಲ್ಲಿ ರಾಜ್ಯದ ತಂಡವಾದರೆ ‘ರಾ’, ಕ್ಲಬ್ಬಾದರೆ ‘ಕ್ಲ’ ಅಂತ ಗುರುತು ಹಾಕುತ್ತೇನೆ. ಸೋಸುವುದು ಕೊನೆಗೆ.

ಈಗ ಹಿಂಡುವ ಕೆಲಸ. ನಾಲ್ಕು ತಂಡದ ಗುಂಪು, ಆರು ಪಂದ್ಯ. ಐದರ ಸ್ಕೋರ್ ಇದೆ, ಗ–ಘ ಪಂದ್ಯದ್ದು ಇಲ್ಲ, ಆದರೆ ಗುಂಪು ಮುಗಿದ ಮೇಲಿನ ಅಂಕಪಟ್ಟಿ ಇದೆ ಅನ್ನಿ. ಗ ತಂಡ ಕ ಎದುರು 0-3, ಖ ಜೊತೆ 1-1: ಹೊಡೆದ ಗೋಲು 1, ಬಿಟ್ಟದ್ದು (ಎದುರಾಳಿ ಹೊಡೆದದ್ದು) 4. ಅಂಕಪಟ್ಟಿಯಲ್ಲಿ ಗ ಮುಂದೆ 3–4 ಇದೆ. ಅಂದರೆ ಸಿಗದ ಪಂದ್ಯದಲ್ಲಿ ಹೊಡೆದದ್ದು 2, ಬಿಟ್ಟದ್ದು 0. ಇಲ್ಲಿಗೆ ನಿಲ್ಲಿಸಬಾರದು, ಘ ಕಡೆಯಿಂದಲೂ ಬರಬೇಕು. ಘ ತಂಡ ಕ ಎದುರು 0-4, ಖ ಎದುರು 1-2: ಹೊಡೆದದ್ದು 1, ಬಿಟ್ಟದ್ದು 6. ಅಂಕಪಟ್ಟಿಯಲ್ಲಿ 1–8. ಉಳಿದದ್ದು 0–2, ತಾಳೆಯಾಯಿತು. ಕ–ಖ 0-0 ಅಂತ ಇಟ್ಟುಕೊಂಡು ಎಲ್ಲರದ್ದೂ ಕೂಡಿಸಿ: ಹೊಡೆದ ಗೋಲು 7, 3, 3, 1, ಒಟ್ಟು 14, ಬಿಟ್ಟದ್ದು 0, 2, 4, 8, ಅದೂ 14. ಇವೆರಡು ಸಮ ಬರದಿದ್ದರೆ ಅಂಕಪಟ್ಟಿಯಲ್ಲೇ ಮೊಳೆ ತಪ್ಪಿದೆ, ಮುಂದೆ ಹೋಗಬೇಡಿ. ಆಗ ಗೆದ್ದರೆ 2 ಅಂಕ, 3 ಅಲ್ಲ. ಆದ್ದರಿಂದ ಆರು ಪಂದ್ಯಕ್ಕೆ ಒಟ್ಟು ಅಂಕ 12 ಬರಲೇಬೇಕು: 5, 4, 3, 0. ಗೋಲು ತಾಳೆಯಾಗಿ ಅಂಕ ತಾಳೆಯಾಗದಿದ್ದರೆ ಸಾಮಾನ್ಯವಾಗಿ ಒಂದು ಡ್ರಾವನ್ನು ಯಾರೋ ಗೆಲುವು ಅಂತ ಬರೆದಿರುತ್ತಾರೆ. ಎರಡು ಸ್ಕೋರ್ ಸಿಗದಿದ್ದರೂ ತೆಗೆಯಬಹುದು. ಎರಡೂ ಒಂದೇ ತಂಡದ್ದಾದರೆ ಎದುರಾಳಿಗಳ ಸಾಲಿನಿಂದ ಬರಬೇಕು, ಅದಕ್ಕೊಂದು ಕೈಚಳಕ ಇದೆ, ಮುಖಾಮುಖಿ ಸಿಕ್ಕಾಗ ತೋರಿಸುತ್ತೇನೆ.

ಕೈಕೊಟ್ಟ ಆ ಒಂದಕ್ಕೆ ಕಾರಣ ವಾಕ್‌ಓವರ್. ಎದುರಾಳಿ ಇಳಿದೇ ಇರಲಿಲ್ಲ, ಅಂಕಪಟ್ಟಿ ಮಾಡಿದವರು ಅದಕ್ಕೂ ಗೋಲು ಬರೆದು ಕೂಡಿಸಿಬಿಟ್ಟಿದ್ದರು. ನನ್ನ ಲೆಕ್ಕದಲ್ಲಿ ಆ ಗೋಲುಗಳು ಹೋಗಿ ಬೇರೆ ಪಂದ್ಯದ ಮೇಲೆ ಕೂತವು. ಅವತ್ತಿಂದ ಗುಂಪಿನ ಪ್ರತಿ ಪಂದ್ಯ ನಿಜವಾಗಿ ನಡೆಯಿತು ಅನ್ನುವುದಕ್ಕೆ ಒಂದು ಸಾಲಿನ ಸಾಕ್ಷಿಯಾದರೂ ಸಿಗುವ ತನಕ ಹಿಂಡುವುದಿಲ್ಲ. ಸ್ಕೋರ್ ಬೇಡ, ‘ಇಳಿದರು’ ಅಂತ ಇದ್ದರೆ ಸಾಕು.

ನಡುವೆ ಇನ್ನೊಂದು ಹುಚ್ಚು ಹತ್ತಿತ್ತು. 1975ರ ಹಾಂಗ್‌ಕಾಂಗ್ ಟೂರ್ನಿಯಲ್ಲಿ ಪಂದ್ಯ ಆಡಿಸಿದ್ದು 60 ನಿಮಿಷ. ಉಳಿದ ಟೂರ್ನಿಗಳಲ್ಲಿ ಎಷ್ಟು ಆಡಿಸಿದರು ಅಂತ ಗೋಲಿನ ನಿಮಿಷಗಳಿಂದ ಕಂಡುಹಿಡಿಯಲು ಹೋದೆ. 72ನೇ ನಿಮಿಷದ ಗೋಲು ಸಿಕ್ಕರೆ 70ಕ್ಕೆ ಮುಗಿಯುತ್ತಿರಲಿಲ್ಲ ಅಂತ ತಾನೇ? ಒಂದು ತಿಂಗಳು ಹೋಯಿತು. ವರದಿಗಾರರು ‘ವಿರಾಮದ ನಂತರ ಎಂಟನೇ ನಿಮಿಷ’ ಅಂತಲೇ ಬರೆದು ಇಟ್ಟಿದ್ದಾರೆ. ವಿರಾಮ ಯಾವಾಗ ಅಂತ ಗೊತ್ತಿದ್ದರೆ ಈ ತಲೆನೋವೇ ಇರುತ್ತಿರಲಿಲ್ಲ.

ಚೀಟಿಗಳನ್ನು ಈಗ ಬೇವಿನೆಲೆ ಹಾಕಿದ ಸ್ಟೀಲ್ ಡಬ್ಬಿಯಲ್ಲಿ ಇಟ್ಟಿದ್ದೇನೆ. ರಟ್ಟಿನ ಪೆಟ್ಟಿಗೆಯಲ್ಲಿ ಇಟ್ಟಾಗ ಅದಿರಿನ ಕೆಂಪು ಧೂಳು ಕೂತು ಪೆನ್ಸಿಲ್ ಗುರುತು ಮಾಸುತ್ತಿತ್ತು. ಖಾತ್ರಿಯಾದ ಸ್ಕೋರ್ ಕಪ್ಪು ಇಂಕು, ಹಿಂಡಿದ್ದು ಪೆನ್ಸಿಲ್, ತುಣುಕು ಸಿಕ್ಕ ದಿನ ಪೆನ್ಸಿಲ್ ಮೇಲೇ ಕಪ್ಪು ತಿದ್ದುವುದು. ಅಳಿಸಿ ಬರೆದರೆ ಯಾವುದು ಲೆಕ್ಕದಿಂದ ಬಂದದ್ದು ಅನ್ನುವ ಗುರುತೇ ಹೋಗುತ್ತದೆ. ಪೆನ್ಸಿಲ್‌ನಲ್ಲಿ ಉಳಿದ ಒಂಬತ್ತನೆಯದಕ್ಕೆ ಎದುರಾಳಿ ಹಾಂಗ್‌ಕಾಂಗ್. ಅಲ್ಲಿನ ಚೀನೀ ಪತ್ರಿಕೆ ಓದಬಲ್ಲವರು ಯಾರಾದರೂ ಇದ್ದರೆ ಒಂದು ಪುಟ ನೋಡಿಕೊಡಲಿ. ದಿನಾಂಕ ನನ್ನ ಹತ್ತಿರ ಇದೆ.