ಸೈನ್ಯದ ಟಿಎಸ್‌ಪಿ, ಆಫೀಸಿನ ಟಿಎಸ್‌ಪಿ ಒಂದು ಮಾಡುವ ಮುಂಚೆ

ಅಮೆರಿಕದಲ್ಲಿ ಸೈನ್ಯ ಬಿಟ್ಟು ಫೆಡರಲ್ ಸರ್ಕಾರಿ ಕೆಲಸಕ್ಕೆ ಸೇರಿದವರಿಗೆ ಒಂದು ಮಾತು: ನಿಮ್ಮ ಎರಡು ಟಿಎಸ್‌ಪಿ (ಫೆಡರಲ್ ನೌಕರರ, ಸೈನಿಕರ ನಿವೃತ್ತಿ ಉಳಿತಾಯ ಯೋಜನೆ) ಖಾತೆಗಳನ್ನು, ಅಂದ್ರೆ ಸೈನ್ಯದ್ದು ಮತ್ತು ಈಗಿನ ಕೆಲಸದ್ದು, ಒಂದು ಮಾಡಬಹುದು, ಆದರೆ ಮೊದಲು ಈಗಿನ ಕೆಲಸದ ಖಾತೆಯಲ್ಲಿ ನಾಮಿನಿ ಯಾರು, ಹೊಸ ದುಡ್ಡು ಯಾವ ಫಂಡಿಗೆ ಹೋಗುತ್ತಿದೆ ಅಂತ ನೋಡಿ ಸರಿಮಾಡಿಕೊಳ್ಳಿ. ಯಾಕಂದ್ರೆ ಸೈನ್ಯದ ದುಡ್ಡು ಈ ಕಡೆ ಬಂದ ಮೇಲೆ ಇಲ್ಲಿನ ಲೆಕ್ಕಕ್ಕೇ ಸೇರುತ್ತದೆ. ಅಲ್ಲಿ ಸಿ ಫಂಡಿನಲ್ಲಿತ್ತು (ಟಿಎಸ್‌ಪಿಯ ಷೇರು ಫಂಡುಗಳಲ್ಲಿ ಒಂದು) ಅಂತ ಇಲ್ಲೂ ಸಿ ಫಂಡಿಗೇ ಹೋಗಲ್ಲ, ಹಳೆಯ ಖಾತೆಗೆ ಬರೆದಿದ್ದ ನಾಮಿನಿಯೂ ಜೊತೆಗೆ ಬರಲ್ಲ. ಎರಡೂ ಟಿಎಸ್‌ಪಿಯೇ ಆದ್ದರಿಂದ ಸೇರಿಸಿದ್ದಕ್ಕೆ ತೆರಿಗೆ ಬೀಳಲ್ಲ, ಅದು ನೆಮ್ಮದಿ. ಎಲ್ಲರಿಗೂ ಇದು ಆಗಲ್ಲ. ಸಕ್ರಿಯ ಸೇವೆ ಮುಗಿದಿದ್ದರೂ ರೆಡಿ ರಿಸರ್ವ್‌ನಲ್ಲಿ (ಬೇಕಾದಾಗ ಕರೆಸಿಕೊಳ್ಳುವ ಮೀಸಲು ಪಡೆ) ಇನ್ನೂ ಇದ್ದರೆ ಸೈನ್ಯ ಬಿಟ್ಟಂತೆ ಲೆಕ್ಕವಿಲ್ಲ, ಕಾಯಬೇಕು. ಸೈನ್ಯದ ಖಾತೆಯಿಂದ ತೆಗೆದ ಸಾಲ ಬಾಕಿ ಇದ್ದರೆ ಅದನ್ನು ಈ ಕಡೆ ತರೋಕೆ ಆಗಲ್ಲ, ಮೊದಲು ತೀರಿಸಿ. ಯುದ್ಧ ವಲಯದಲ್ಲಿದ್ದಾಗ ತೆರಿಗೆಯಿಲ್ಲದ ಸಂಬಳದಿಂದ ಟ್ರೆಡಿಷನಲ್ ಭಾಗಕ್ಕೆ (ಸಾಮಾನ್ಯವಾಗಿ ದುಡ್ಡು ತೆಗೆಯುವಾಗ ತೆರಿಗೆ ಕಟ್ಟುವ ಭಾಗ) ಕಟ್ಟಿದ ದುಡ್ಡು ಈಗಿನ ಕೆಲಸದ ಖಾತೆಗೆ ಬರಲ್ಲ, ಅಲ್ಲೇ ಉಳಿಯುತ್ತದೆ. ಇನ್ನೊಂದು, ನನ್ನ ಪ್ರಕಾರ ಇದೇ ದೊಡ್ಡದು: ಈಗ ಸೈನ್ಯದ ಖಾತೆಯಿಂದ ಬೇಕಾದಾಗ ದುಡ್ಡು ತೆಗೆಯಬಹುದು (ತೆರಿಗೆ, ದಂಡದ ಮಾತು ಬೇರೆ), ಸೇರಿಸಿದ ಮೇಲೆ ಕೆಲಸದಲ್ಲಿರುವಷ್ಟು ದಿನ 59½ ವಯಸ್ಸಿನವರೆಗೆ ಕಷ್ಟಕಾಲದ ಕಾರಣ ತೋರಿಸದೆ ಮುಟ್ಟೋಕಾಗಲ್ಲ. ಹತ್ತಿರದಲ್ಲಿ ದುಡ್ಡು ಬೇಕಾಗಬಹುದು ಅನಿಸಿದರೆ ಸುಮ್ನೆ ಎರಡನ್ನೂ ಹಾಗೇ ಬಿಡಿ, ಖಾತೆ ಎರಡಿದ್ದರೆ ಏನೂ ನಷ್ಟವಿಲ್ಲ, ಅಲ್ವಾ?